ಕಾಣದ ದುಡಿಮೆ

ಬೀದರ ನಗರದ ಅಂಚಿನಲ್ಲಿರುವ ಕೊಳಾರದ ಕೈಗಾರಿಕಾ ಪ್ರದೇಶವನ್ನು ಹಾದುಹೋಗುವ ದಾರಿಗನಿಗೆ, ಅಲ್ಲಿಯ ಔಷಧ ಮತ್ತು ರಸಾಯನಗಳ ಕಾರ್ಖಾನೆಗಳಲ್ಲಿ ಕೆಲಸ ನಡೆದಿದೆಯೋ ನಿಂತಿದೆಯೋ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರಗಳ ಸದ್ದು, ಸರಕು ಹೊತ್ತ ಲಾರಿಗಳ ಓಡಾಟ, ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ನೆರೆಯುವ ಜನ, ಇವೇ ಅದನ್ನು ಸಾರುತ್ತವೆ. ಭಾಲ್ಕಿಯ ಸೀಮೆಯಲ್ಲಿ ಸೋಯಾಬೀನಿನ ರಾಶಿ ಮಾಡುವವರ ದುಡಿಮೆಯಾಗಲಿ, ಔರಾದದ ಕಡೆ ತೊಗರಿಯ ಸಾಲುಗಳಲ್ಲಿ ಕಳೆ ತೆಗೆಯುವವರ ದುಡಿಮೆಯಾಗಲಿ ಹೀಗೆಯೇ ಕಣ್ಣಿಗೆ ಕಾಣುವಂಥದು. ಆದಕಾರಣ ಅದಕ್ಕೆ ಅಡ್ಡ ಬರಬಾರದೆಂಬ ಮರ್ಯಾದೆಯನ್ನು ಸಮಾಜವು ತಾನಾಗಿಯೇ ಕಲಿತುಕೊಂಡಿದೆ. ರಾಶಿ ನಡೆದಿರುವಾಗ ಯಂತ್ರ ನಿಲ್ಲಿಸಿ ಕುಶಲ ಕೇಳುವವರು ಯಾರೂ ಇಲ್ಲ.

ಬೀದರಿನ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜಿನಿಂದಲೂ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜಿನಿಂದಲೂ ವರ್ಷವರ್ಷವೂ ಹೊರಬರುವ ತರುಣ ತರುಣಿಯರಲ್ಲಿ ಅನೇಕರು ಹಿಡಿಯುವ ತಂತ್ರಾಂಶ ರಚನೆಯ ವೃತ್ತಿಗೆ ಮಾತ್ರ ಇಂಥ ಹೊರಗುರುತು ಯಾವುದೂ ಇಲ್ಲ. ಹೈದರಾಬಾದು, ಪುಣೆ, ಬೆಂಗಳೂರುಗಳ ಕಚೇರಿಗಳಿಗೆ ಹೋಗಿ ದುಡಿಯುತ್ತಿದ್ದ ಈ ಮಕ್ಕಳು 2020ರ ಮಹಾಸಾಂಕ್ರಾಮಿಕದ ಕಾಲದಲ್ಲಿ ಊರಿಗೆ ಮರಳಿ, ಮನೆಯ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಾಗ, ಹೆತ್ತವರ ಕಣ್ಣಿಗೆ ಬಿದ್ದದ್ದು ಕೀಲಿಮಣೆಯ ಮೇಲೆ ಬೆರಳನ್ನೂ ಆಡಿಸದೆ ಪರದೆಯನ್ನೇ ದಿಟ್ಟಿಸುತ್ತಿರುವ ಒಂದು ನಿಶ್ಚಲ ಮೂರ್ತಿ. "ಸುಮ್ನ ಕುಂತಿಯಲ್ಲ ತಮ್ಮಾ, ಜರಾ ಅಂಗಡಿಗಿ ಹೋಗಿ ಬಾ" ಎಂದು ತಾಯಿಯಾದವಳು ಹೇಳಿದರೆ ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳು ಕಂಡದ್ದನ್ನು ಅವಳು ಹೇಳಿದಳು. ಮಗಳೋ ಸೊಸೆಯೋ ಆ ಸ್ಥಾನದಲ್ಲಿ ಕುಳಿತಿದ್ದರೆ ಇಂಥ ಕರೆಗಳು ಇನ್ನೂ ಹೆಚ್ಚು ಸಲ ಬರುತ್ತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ನಿಶ್ಚಲತೆಯ ಒಳಗೆ ನಡೆಯುತ್ತಿದ್ದುದೇನು, ಒಂದು ಕರೆಯಿಂದ ಕೆಡುವುದೇನು, ಕೆಟ್ಟದ್ದನ್ನು ಮರಳಿ ಕಟ್ಟಲು ಹಿಡಿಯುವ ಕಾಲವೆಷ್ಟು ಎಂಬ ಪ್ರಶ್ನೆಗಳಿಗೆ ಕಳೆದ ನೂರು ವರ್ಷಗಳ ಮನೋವಿಜ್ಞಾನವು ಸಾಕಷ್ಟು ಉತ್ತರಗಳನ್ನು ಕೂಡಿಸಿಟ್ಟಿದೆ. ಏಕಾಗ್ರತೆಯೆಂಬುದು ಕೇವಲ ಛಲವುಳ್ಳವರಿಗೆ ಒಲಿಯುವ ಗುಣವೆಂದು ನಾವು ನಂಬಿಕೊಂಡು ಬಂದಿದ್ದೇವೆ. ಅದಕ್ಕೆ ಪ್ರಕೃತಿಯೇ ಹಾಕಿದ ಒಂದು ಮಿತಿಯಿದೆಯೆಂದೂ, ಆ ಮಿತಿಯನ್ನರಿತು ಸ್ಥಳ, ಕಾಲ, ಬರಹಗಳನ್ನು ಅಣಿಗೊಳಿಸಿಕೊಂಡವರಿಗೆ ಸಾಮಾನ್ಯ ಛಲವೇ ಸಾಕಾಗುವುದೆಂದೂ ಆ ಉತ್ತರಗಳು ತಿಳಿಸುತ್ತವೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಹಳ್ಳಿಯ ಫಲಾನುಭವಿಗಳ ಪಟ್ಟಿಯೊಂದನ್ನು ಮುದ್ರಿಸುವ ಪ್ರೋಗ್ರಾಮಿನಲ್ಲಿ 'ಲಕ್ಷ್ಮಣ' ಎಂಬ ಹೆಸರು ಸರಿಯಾಗಿ ಬರುತ್ತಿಲ್ಲವೆಂದು ಭಾವಿಸಿರಿ. ಕನ್ನಡ ಓದುವವನ ಕಣ್ಣಿಗೆ ಅದರಲ್ಲಿರುವುದು ಮೂರೇ ಅಕ್ಷರ: ಲ, ಕ್ಷ್ಮ, ಣ. ಆದರೆ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಪದ್ಧತಿಯಲ್ಲಿ ಆ ನಡುವಿನ ಸಂಯುಕ್ತಾಕ್ಷರವು ಕ, ಹಲಂತಚಿಹ್ನೆ, ಷ, ಮತ್ತೊಂದು ಹಲಂತಚಿಹ್ನೆ, ಮ ಎಂದು ಐದು ಸಂಕೇತಗಳಾಗಿ ಬಿಡಿಬಿಡಿಯಾಗಿ ನಿಲ್ಲುವುದರಿಂದ, ಇಡೀ ಹೆಸರು ಏಳು ಸಂಕೇತಗಳದಾಗುತ್ತದೆ. ಯುಟಿಎಫ್-8 ಎಂಬ ಬಳಕೆಯ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕಾಗುವುದರಿಂದ, ಅದೇ ಹೆಸರು ಗಣಕದ ಸ್ಮೃತಿಯಲ್ಲಿ 21 ಬೈಟುಗಳಷ್ಟು ಜಾಗ ಹಿಡಿಯುತ್ತದೆ. ಹೆಸರಿಗೆ 20 ಬೈಟು ಸಾಕೆಂದು ಎಂದೋ ಯಾರೋ ನಿಗದಿ ಮಾಡಿದ್ದರೆ, ಹಿಂದುಮುಂದು ನೋಡದೆ ಅಲ್ಲಿಗೆ ಕತ್ತರಿಸುವ ಪ್ರೋಗ್ರಾಮು ಕೊನೆಯ 'ಣ'ದ ಮೂರನೆಯ ಬೈಟನ್ನು ಕಳೆದು, ಓದಲು ಬಾರದ ಒಂದು ಗುರುತನ್ನು ಅಲ್ಲಿ ನಿಲ್ಲಿಸುತ್ತದೆ; ನಾಲ್ಕು ಸಂಕೇತಗಳಿಗೆ ಕತ್ತರಿಸುವ ಇನ್ನೊಂದು ಪ್ರೋಗ್ರಾಮಿನಲ್ಲಿ ಲಕ್ಷ್ಮಣನು 'ಲಕ್ಷ'ನಾಗಿಬಿಡುತ್ತಾನೆ. ಈ ದೋಷದ ಮೂಲವನ್ನು ಹುಡುಕುವವರು ಓದುಗನಿಗೆ ಕಾಣುವ ಮೂರು, ಯೂನಿಕೋಡಿನ ಏಳು, ಸ್ಮೃತಿಯ ಇಪ್ಪತ್ತೊಂದು, ಹೆಸರಿಗೆ ಗೊತ್ತುಮಾಡಿದ ಮಿತಿಯಾದ ಇಪ್ಪತ್ತು ಎಂಬ ನಾಲ್ಕು ಲೆಕ್ಕಗಳನ್ನು ಏಕಕಾಲದಲ್ಲಿ ಮನಸ್ಸಿನಲ್ಲಿ ಹಿಡಿದುಕೊಂಡು, ಹೆಸರು ಒಂದು ಘಟ್ಟದಿಂದ ಇನ್ನೊಂದಕ್ಕೆ ಸಾಗುವಾಗ ಯಾವ ಲೆಕ್ಕವು ಎಲ್ಲಿ ತಪ್ಪಿತೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಅನುಸರಿಸಬೇಕು. ಬೆರಳು ಆಡದೆ ಇದ್ದಾಗ ನಡೆಯುತ್ತಿದ್ದ ಕೆಲಸವೆಂದರೆ ಇದೇ.

ಹೀಗೆ ಹಿಡಿದುಕೊಳ್ಳುವ ಶಕ್ತಿಗೆ ಮನೋವಿಜ್ಞಾನಿಗಳು ಕಾರ್ಯಸ್ಮೃತಿಯೆಂದು ಹೆಸರಿಟ್ಟಿದ್ದಾರೆ. ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸನು 1956ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಒಮ್ಮೆ ಕೇಳಿ ಹಿಡಿದಿಟ್ಟುಕೊಳ್ಳಬಲ್ಲ ಘಟಕಗಳ ಸಂಖ್ಯೆ ಏಳರ ಆಸುಪಾಸಿನದೆಂದು ಸೂಚಿಸಿದ್ದನು. 1974ರಲ್ಲಿ ಇಂಗ್ಲೆಂಡಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಎಂಬವರು, ಇದು ಸುಮ್ಮನೆ ತುಂಬಿಡುವ ಉಗ್ರಾಣವಾಗಿರದೆ, ಧ್ವನಿಗೆ ಒಂದು, ರೂಪಕ್ಕೆ ಒಂದು, ಇವೆರಡನ್ನೂ ಆಳುವ ಗಮನಶಕ್ತಿ ಮತ್ತೊಂದು ಎಂಬಂತೆ ಅಂಗಗಳುಳ್ಳ ವ್ಯವಸ್ಥೆಯೆಂದು ವಿವರಿಸಿದರು. ಮನಸ್ಸಿನಲ್ಲಿಯೇ ಉರುಹೊಡೆದುಕೊಳ್ಳುವ, ಗುಂಪುಗೂಡಿಸಿಕೊಳ್ಳುವ ಉಪಾಯಗಳಿಗೆ ಎಡೆಗೊಡದೆ ಅಳೆದರೆ ಆ ಮಿತಿಯು ನಾಲ್ಕರ ಸಮೀಪಕ್ಕೆ ಇಳಿಯುವುದೆಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದನು. ಲಕ್ಷ್ಮಣನ ಹೆಸರಿನ ನಾಲ್ಕು ಲೆಕ್ಕಗಳು ಈ ಪಾತ್ರೆಯನ್ನು ಕಂಠದವರೆಗೂ ತುಂಬಿಬಿಡುತ್ತವೆಂದರೆ, ಐದನೆಯದಾಗಿ ಬರುವ ಅಂಗಡಿಯ ಚೀಟಿಗೆ ಸ್ಥಳವೆಲ್ಲಿಯದು? ಪ್ರೋಗ್ರಾಮು ಓದುವವರ ಮಿದುಳನ್ನೇ ಚಿತ್ರಿಸಿ ನೋಡಿದ ಪ್ರಯೋಗಗಳೂ ಇದಕ್ಕೆ ಪೂರಕವಾಗಿವೆ. 2014ರಲ್ಲಿ ಜರ್ಮನಿಯ ಯಾನೆಟ್ ಸೀಗ್‌ಮುಂಡ್ ಮತ್ತು ಸಂಗಡಿಗರು 17 ಜನರನ್ನು ಕಾಂತೀಯ ಚಿತ್ರಣ ಯಂತ್ರದಲ್ಲಿ ಮಲಗಿಸಿ ಚಿಕ್ಕ ಚಿಕ್ಕ ಕೋಡುಗಳನ್ನು ಓದಿಸಿದಾಗ, ಕಾರ್ಯಸ್ಮೃತಿ, ಗಮನ ಮತ್ತು ಭಾಷಾಜ್ಞಾನಕ್ಕೆ ಸಂಬಂಧಿಸಿದ ಭಾಗಗಳು ಎಚ್ಚರಗೊಂಡುದನ್ನು ಕಂಡರು. 2020ರಲ್ಲಿ ಅಮೆರಿಕದ ಎಂಐಟಿಯಲ್ಲಿ ನಡೆದ ಇನ್ನೊಂದು ಅಧ್ಯಯನವು, ಇದರಲ್ಲಿ ಮುಖ್ಯ ಭಾರವನ್ನು ಹೊರುವುದು ಭಾಷೆಯ ಭಾಗಗಳಿಗಿಂತ ಮಿಗಿಲಾಗಿ, ಗಣಿತ ಮತ್ತು ತರ್ಕದಂಥ ಕಠಿಣ ಚಿಂತನೆಗಳಿಗೆಲ್ಲ ಒದಗುವ ಸರ್ವಸಾಮಾನ್ಯವಾದ ಜಾಲವೆಂದು ತೋರಿಸಿತು.

ಮಿತಿಯು ಇಷ್ಟು ಕಿರಿದಾಗಿದ್ದರೆ ಸಾವಿರಾರು ಸಾಲುಗಳ ತಂತ್ರಾಂಶವು ಮನುಷ್ಯನಿಂದ ಹೇಗೆ ರಚಿತವಾದೀತು ಎಂದು ವಾಚಕರು ಕೇಳಬಹುದು. ಇದಕ್ಕೆ ಸಮಾಧಾನವು ಚದುರಂಗದ ಆಟಗಾರರ ಮೇಲೆ ನಡೆದ ಪರೀಕ್ಷೆಯೊಂದರಿಂದ ದೊರಕಿತು. ನುರಿತ ಆಟಗಾರನು ನಿಜವಾದ ಆಟದ ಸ್ಥಿತಿಯನ್ನು ಕ್ಷಣಕಾಲ ನೋಡಿ ಕಾಯಿಗಳ ಸ್ಥಾನಗಳನ್ನು ಬಹುಮಟ್ಟಿಗೆ ಸರಿಯಾಗಿ ನೆನೆಯಬಲ್ಲನೆಂದೂ, ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟರೆ ಅವನ ಆ ಮೇಲ್ಮೆಯು ಬಹಳಮಟ್ಟಿಗೆ ಕರಗಿಹೋಗುವುದೆಂದೂ 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ತೋರಿಸಿದರು. ಮೂರು ವರ್ಷಗಳ ಅನಂತರ ಬೆನ್ ಶ್ನೈಡರ್‌ಮನ್ ಇದನ್ನೇ ಪ್ರೋಗ್ರಾಮುಗಳ ಮೇಲೆ ನಡೆಸಿ ನೋಡಿದನು: ಕ್ರಮದಲ್ಲಿದ್ದ ಪ್ರೋಗ್ರಾಮನ್ನು ಅನುಭವಿಗಳು ನವಶಿಷ್ಯರಿಗಿಂತ ಬಹಳ ಚೆನ್ನಾಗಿ ನೆನೆದರು, ಅದೇ ಸಾಲುಗಳನ್ನು ಕಲಸಿಕೊಟ್ಟಾಗ ಅನುಭವವು ಅವರ ನೆರವಿಗೆ ಬರಲಿಲ್ಲ. ಪರಿಣತನ ಪಾತ್ರೆ ನಮ್ಮದಕ್ಕಿಂತ ದೊಡ್ಡದೇನಲ್ಲ, ಅವನು ಅದರಲ್ಲಿ ಇಡುವ ಒಂದೊಂದು ಘಟಕವೂ ಅರ್ಥದಿಂದ ಬಿಗಿದ ಒಂದು ಕಟ್ಟಾಗಿರುತ್ತದೆ.

ಈ ಸಂಗತಿಯ ಅತ್ಯಂತ ಸುಂದರವಾದ ನಿದರ್ಶನವು ಕನ್ನಡಿಗರಿಗೆ ಹೊರಗೆಲ್ಲೂ ಹುಡುಕಬೇಕಾದುದಲ್ಲ. ಸಾವಿರಕ್ಕೂ ಮಿಕ್ಕು ಅಷ್ಟಾವಧಾನಗಳನ್ನು ನಡೆಸಿದ ಶತಾವಧಾನಿ ಆರ್. ಗಣೇಶ್ ಅವರ ಸಭೆಯಲ್ಲಿ ಕುಳಿತವರು ಬಲ್ಲರು: ಎಂಟು ಮಂದಿ ಪೃಚ್ಛಕರು ಒಬ್ಬರಾದ ಮೇಲೊಬ್ಬರಂತೆ ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿ ಮುಂತಾದವನ್ನು ಒಡ್ಡುತ್ತಿರಲು, ಅವರಲ್ಲೊಬ್ಬರ ಕರ್ತವ್ಯವು ಅಪ್ರಸ್ತುತವಾದ ಪ್ರಶ್ನೆಗಳನ್ನು ನಡುನಡುವೆ ಎಸೆದು ಅವಧಾನಿಯ ಚಿತ್ತವನ್ನು ಕದಡುವುದೇ ಆಗಿರುತ್ತದೆ. ಆದರೂ ಪ್ರತಿ ಸುತ್ತಿನಲ್ಲಿ ಒಂದೊಂದು ಪಾದದಂತೆ ಪದ್ಯಗಳು ಬೆಳೆದು, ಕೊನೆಗೆ ಎಲ್ಲವೂ ಧಾರಣೆಯಿಂದ ಅಖಂಡವಾಗಿ ಹೊರಬರುತ್ತವೆ. ಇಲ್ಲಿ ಛಂದಸ್ಸೇ ಕಟ್ಟು. ವೃತ್ತದ ನಡೆ ಮನಸ್ಸಿನಲ್ಲಿ ನೆಲೆಗೊಂಡಿರುವುದರಿಂದ, ಎಲ್ಲಿ ನಿಂತೆ, ಮುಂದೇನು ಬೇಕು ಎಂಬುದನ್ನು ಅದು ತಾನೇ ಹೇಳಿಕೊಡುತ್ತದೆ. ಜೊತೆಗೆ, ಅಡ್ಡಿಗೂ ಅಲ್ಲೊಂದು ನಿಯತವಾದ ಆಸನವುಂಟು, ಪ್ರತಿ ಪ್ರಶ್ನೆಗೂ ಒಂದು ಸುತ್ತುಂಟು. ನಮ್ಮ ಕಚೇರಿಗಳ ಅಡ್ಡಿಗಳಿಗೆ ಸುತ್ತೂ ಇಲ್ಲ, ಆಸನವೂ ಇಲ್ಲ. ಬಹುಕಾಲದ ಸಾಧನೆಯ ಬಲವುಳ್ಳ ಅವಧಾನಿಗಳಿಗೇ ಇರುವ ಈ ಅನುಕೂಲವನ್ನು ಕೊಡದೆ, ಇಪ್ಪತ್ತೆರಡರ ಹುಡುಗನಿಂದ ನಾವು ಅವಧಾನವನ್ನು ಅಪೇಕ್ಷಿಸುತ್ತೇವೆ.

ಅಡ್ಡಿಯಿಂದ ಆಗುವ ನಷ್ಟವನ್ನು ಅಳೆಯುವ ಪ್ರಯತ್ನ ಬಹು ಹಳೆಯದು. 1927ರಲ್ಲಿ ಆರ್ಥರ್ ಜೆರ್ಸಿಲ್ಡ್ ಎಂಬವನು, ಕೂಡುವ ಲೆಕ್ಕಗಳನ್ನೇ ಒಂದು ಪಟ್ಟಿಯಾಗಿಯೂ ಕಳೆಯುವ ಲೆಕ್ಕಗಳನ್ನೇ ಇನ್ನೊಂದು ಪಟ್ಟಿಯಾಗಿಯೂ ಕೊಟ್ಟಾಗ ಹಿಡಿದ ಕಾಲಕ್ಕಿಂತ, ಎರಡನ್ನೂ ಒಂದು ಬಿಟ್ಟೊಂದು ಮಾಡಿಸಿದಾಗ ಹೆಚ್ಚು ಕಾಲ ಹಿಡಿಯುವುದನ್ನು ಗುರುತಿಸಿದನು. ಮನಸ್ಸು ಒಂದು ಬಗೆಯ ಕೆಲಸದಿಂದ ಇನ್ನೊಂದಕ್ಕೆ ಹೊರಳುವುದಕ್ಕೇ ಬೆಲೆ ತೆರಬೇಕಾಗುತ್ತದೆ. ಮುಗಿಯದ ಕೆಲಸವನ್ನು ಬಿಟ್ಟು ಎದ್ದವನ ಗಮನದ ಒಂದು ಅಂಶವು ಹಿಂದೆಯೇ ಉಳಿದು, ಹೊಸ ಕೆಲಸದಲ್ಲಿಯೂ ಅವನನ್ನು ಕುಂದಿಸುವುದೆಂದು 2009ರಲ್ಲಿ ಸೋಫಿ ಲೆರಾಯ್ ತೋರಿಸಿದರು. ತಂತ್ರಾಂಶದ ವೃತ್ತಿಗೇ ಸಂಬಂಧಿಸಿದಂತೆ, ಕ್ರಿಸ್ ಪಾರ್ನಿನ್ ಮತ್ತು ಸ್ಪೆನ್ಸರ್ ರುಗಾಬರ್ 2011ರಲ್ಲಿ ಪ್ರಕಟಿಸಿದ ಅಧ್ಯಯನವು 86 ಪ್ರೋಗ್ರಾಮರುಗಳ ಸುಮಾರು 10,000 ದಾಖಲಿತ ಅವಧಿಗಳನ್ನು ಪರಿಶೀಲಿಸಿತು. ಕೆಲಸಕ್ಕೆ ಮರಳಿದವರು ಒಂದು ನಿಮಿಷದೊಳಗಾಗಿ ಕೋಡು ತಿದ್ದಲಾರಂಭಿಸಿದ್ದು ಹತ್ತರಲ್ಲಿ ಒಂದು ಸಲ ಮಾತ್ರ, ಉಳಿದಂತೆ ಅವರು ಪ್ರೋಗ್ರಾಮಿನ ಹಲವು ಸ್ಥಳಗಳನ್ನು ಮತ್ತೆ ಮತ್ತೆ ಸುತ್ತಿ ನೋಡಿ, ಕಳೆದುಹೋದ ಸಂದರ್ಭವನ್ನು ಕೂಡಿಸಿಕೊಳ್ಳುತ್ತಿದ್ದರು. ಅಂಗಡಿಗೆ ಹೋಗಿ ಬಂದದ್ದು ಐದು ನಿಮಿಷವಾದರೆ ನಷ್ಟವೂ ಐದೇ ನಿಮಿಷವೆಂದು ಎಣಿಸುವುದು ಆದಕಾರಣ ಸರಿಯಾಗಲಾರದು. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ 2008ರ ಪ್ರಯೋಗದಲ್ಲಿ ಅಡ್ಡಿಗೊಳಗಾದವರು ವೇಗವನ್ನು ಹೆಚ್ಚಿಸಿಕೊಂಡು ಕೆಲಸವನ್ನೇನೋ ಬೇಗ ಮುಗಿಸಿದರು, ಆದರೆ ಹೆಚ್ಚಿನ ಒತ್ತಡ, ಬೇಸರ ಮತ್ತು ಶ್ರಮಗಳ ರೂಪದಲ್ಲಿ ಅದರ ಬೆಲೆಯನ್ನು ತೆತ್ತರು. ಹೊರಗಿನವರು ಮಾತ್ರವೇ ಅಡ್ಡ ಬರುತ್ತಾರೆಂದು ತಿಳಿಯುವುದೂ ಬೇಡ. ಮೇಜಿನ ಮೇಲಿನ ಮೊಬೈಲಿಗೆ ಕೈಚಾಚುವವನು ತನಗೆ ತಾನೇ ಕರೆ ಕಳುಹಿಸಿಕೊಂಡಂತೆ ಅಲ್ಲವೆ?

ನಷ್ಟದ ಮೂಲವು ಹೀಗೆ ಗೊತ್ತಾದ ಮೇಲೆ ಪರಿಹಾರವು ಬೀದರಿನ ಕುಶಲಕರ್ಮಿಗಳ ಮನೆಗಳಲ್ಲಿಯೇ ಕಾಣಸಿಗುತ್ತದೆ. ಬಿದರಿ ಪಾತ್ರೆಯನ್ನು ಮಾಡುವವರು, ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಚ್ಚಿನಲ್ಲಿ ಎರಕ ಹೊಯ್ದು, ಮೈಯನ್ನು ಅರದಿಂದ ನಯಗೊಳಿಸಿದ ಮೇಲೆ, ಅದಕ್ಕೆ ಮೈಲುತುತ್ತದ ದ್ರಾವಣವನ್ನು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಈ ಕಪ್ಪು ಉಳಿಯತಕ್ಕದ್ದಲ್ಲ; ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಕೊನೆಯಲ್ಲಿ ಬರುವ, ಬೆಳ್ಳಿಯನ್ನು ಬಿಟ್ಟು ಮಿಶ್ರಲೋಹವನ್ನಷ್ಟೇ ಹಿಡಿಯುವ ಆ ಪ್ರಸಿದ್ಧವಾದ ಕಪ್ಪು ಬೇರೆ. ಮೊದಲಿನ ಕಪ್ಪಿನ ಪ್ರಯೋಜನ ಒಂದೇ: ಅದರ ಮೇಲೆ ಮೊನೆಯಿಂದ ಗೀರಿದ ಬಳ್ಳಿ, ಹೂವುಗಳ ರೇಖೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ವಿನ್ಯಾಸವು ಕಲಾವಿದನ ತಲೆಯಿಂದ ಇಳಿದು ಪಾತ್ರೆಯ ಮೈಮೇಲೆ ನೆಲೆಗೊಂಡಿತೆಂದರೆ, ಉಳಿಯಿಂದ ಕೆತ್ತುವವರು, ಆ ಕಚ್ಚಿನಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸುವವರು ಎಷ್ಟು ಸಲ ಎದ್ದುಹೋಗಿ ಬಂದರೂ, ಮರಳಿ ಹಿಡಿಯಬೇಕಾದ ಎಳೆಯನ್ನು ಪಾತ್ರೆಯೇ ತೋರಿಸುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಷಾ ರಶೀದ್ ಅಹಮದ್ ಖಾದ್ರಿ ಅವರಂಥ ಕಲಾವಿದರ ಕೈಯಲ್ಲಿ ಬೆಳಗಿದ ಈ ಕಲೆಯಿಂದ ಪ್ರೋಗ್ರಾಮರು ಕಲಿಯಬೇಕಾದುದು, ತಾಳ್ಮೆಯೊಂದನ್ನೇ ಎಂದು ಹೇಳಿ ಮುಗಿಸಿದರೆ ಸಾಲದು. ಮನಸ್ಸಿನಲ್ಲಿರುವ ಸ್ಥಿತಿಯನ್ನು ಹೊರಗೆ ಗೀರಿಡುವ ಉಪಾಯವನ್ನು ಕಲಿಯಬೇಕು.

ಆ ಉಪಾಯವು ತಂತ್ರಾಂಶದಲ್ಲಿ ತಳೆಯುವ ರೂಪಗಳು ಅತ್ಯಂತ ಸರಳವಾದವು. ಏಳುವ ಮುನ್ನ "20 ಬೈಟಿನ ಮಿತಿ ಕೋಷ್ಟಕದಲ್ಲಿದೆಯೋ ಮುದ್ರಣದ ಭಾಗದಲ್ಲಿದೆಯೋ ನೋಡಬೇಕು, ಮೊದಲನೆಯದು ನೋಡಿ ಆಗಿದೆ" ಎಂದು ಒಂದು ಸಾಲನ್ನು ಕಾಗದದಲ್ಲೋ ಕೋಡಿನ ಟಿಪ್ಪಣಿಯಲ್ಲೋ ಬರೆದಿಡುವುದು, ಲಕ್ಷ್ಮಣ, ಜ್ಯೋತ್ಸ್ನಾ, ಈಶ್ವರಪ್ಪ ಎಂಬ ಹೆಸರುಗಳು ಅಖಂಡವಾಗಿ ಬರಲೇಬೇಕೆಂದು ಪರೀಕ್ಷಿಸುವ ಚಿಕ್ಕ ಪ್ರೋಗ್ರಾಮನ್ನು ಮೊದಲೇ ಬರೆದು, ಅದು ಇನ್ನೂ ಸೋಲುತ್ತಿರುವಂತೆಯೇ ದಿನವನ್ನು ಮುಗಿಸುವುದು (ಹೀಗೆ ಮಾಡಿದರೆ ಮರುದಿನದ ಮೊದಲ ಹೆಜ್ಜೆ ಎಲ್ಲಿಯದೆಂದು ಆ ಸೋಲೇ ಬೆರಳಿಟ್ಟು ತೋರಿಸುತ್ತದೆ), ಒಂದು ಬದಲಾವಣೆ ಮುಗಿದೊಡನೆ ಅದನ್ನು ಕಾರಣಸಹಿತವಾಗಿ ದಾಖಲಿಸಿ, ಮನಸ್ಸನ್ನು ಅದರಿಂದ ಬಿಡುಗಡೆ ಮಾಡುವುದು. ಇಂಥ ಬರಹದಿಂದ ಸ್ಮೃತಿಯ ಹೊರೆ ಇಳಿಯುವುದಷ್ಟೇ ಅಲ್ಲದೆ ಚಿತ್ತವೂ ಶಾಂತವಾಗುತ್ತದೆ. ಅಪೂರ್ಣವಾದ ಗುರಿಗಳು ಬೇರೆ ಕೆಲಸದ ನಡುವೆ ತಲೆಹಾಕಿ ಕಾಡುವುವೆಂದೂ, ಅವನ್ನು ಯಾವಾಗ ಹೇಗೆ ಮುಗಿಸುವುದೆಂಬ ನಿರ್ದಿಷ್ಟವಾದ ಯೋಜನೆಯನ್ನು ಹಾಕಿಕೊಂಡವರಲ್ಲಿ, ಕೆಲಸ ಇನ್ನೂ ಮುಗಿಯದಿದ್ದರೂ, ಆ ಕಾಟವು ಅಡಗುವುದೆಂದೂ ಮಾಸಿಕಾಂಪೊ ಮತ್ತು ಬಾಮೈಸ್ಟರ್ 2011ರ ಪ್ರಯೋಗಗಳಲ್ಲಿ ಕಂಡರು.

ಬರಹದಂತೆ ಸ್ಥಳವೂ ಏಕಾಗ್ರತೆಗೆ ಆಧಾರ. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಮಹಮೂದ್ ಗವಾನನು 1472ರ ಸುಮಾರಿಗೆ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಅವಶೇಷಗಳನ್ನು ಇಂದಿಗೂ ನಿಂತು ನೋಡುವವರಿಗೆ, ವಿದ್ಯೆಯ ಅಗತ್ಯಗಳನ್ನು ಅದರ ಶಿಲ್ಪಿಗಳು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದು ವಿದಿತವಾಗುತ್ತದೆ: ನಡುವೆ ಎಲ್ಲರಿಗೂ ಸೇರಿದ ವಿಶಾಲವಾದ ಅಂಗಳ, ಅದರ ಸುತ್ತ ಕೂಡಿ ಕಲಿಯುವ ಸಭಾಂಗಣಗಳು ಮತ್ತು ಗ್ರಂಥಾಲಯ, ಅವುಗಳ ಜೊತೆಯಲ್ಲಿಯೇ ವಿದ್ಯಾರ್ಥಿಗಳೂ ಗುರುಗಳೂ ತಮ್ಮಷ್ಟಕ್ಕೆ ತಾವಿರಲು ಪ್ರತ್ಯೇಕವಾದ ಕೋಣೆಗಳು. ಕೂಡುವುದಕ್ಕೊಂದು ಎಡೆ, ಒಂಟಿಯಾಗುವುದಕ್ಕೊಂದು ಎಡೆ, ಎರಡರ ನಡುವೆ ಕೆಲವೇ ಹೆಜ್ಜೆಗಳ ಅಂತರ. ನಮ್ಮ ಕಾಲದ ತಂತ್ರಾಂಶ ಸಂಸ್ಥೆಗಳು ಗೋಡೆಗಳನ್ನು ತೆಗೆದು ನೂರಾರು ಜನರನ್ನು ಒಂದೇ ಹಜಾರದಲ್ಲಿ ಕುಳ್ಳಿರಿಸಿದರೆ ಪರಸ್ಪರ ಮಾತುಕತೆ ಬೆಳೆಯುವುದೆಂದು ನಂಬಿದವು. ಆದರೆ ಅಂಥ ಬಯಲು ಕಚೇರಿಗೆ ಸ್ಥಳಾಂತರಗೊಂಡ ಎರಡು ದೊಡ್ಡ ಸಂಸ್ಥೆಗಳನ್ನು ಪರಿಶೀಲಿಸಿದ ಬರ್ನ್‌ಸ್ಟೀನ್ ಮತ್ತು ಟರ್ಬನ್, ಎದುರೆದುರು ನಡೆಯುವ ಸಂಭಾಷಣೆ ಸುಮಾರು ಶೇಕಡಾ 70ರಷ್ಟು ಕುಗ್ಗಿ, ಇ-ಮೇಲ್ ಹೆಚ್ಚಾದುದನ್ನು 2018ರಲ್ಲಿ ವರದಿ ಮಾಡಿದರು. ಅದಕ್ಕೂ ಮೊದಲು, 1987ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಟಾಮ್ ಡಿಮಾರ್ಕೊ ಮತ್ತು ತಿಮೊತಿ ಲಿಸ್ಟರ್, 92 ಸಂಸ್ಥೆಗಳ 600ಕ್ಕೂ ಹೆಚ್ಚು ಪ್ರೋಗ್ರಾಮರುಗಳ ಸ್ಪರ್ಧೆಯಲ್ಲಿ ಮುಂದೆ ನಿಂತವರು ಹೆಚ್ಚು ನಿಶ್ಶಬ್ದವಾದ, ಹೆಚ್ಚು ಏಕಾಂತವಾದ ಸ್ಥಳಗಳಲ್ಲಿ ದುಡಿಯುವವರಾಗಿದ್ದರೆಂದು ತಿಳಿಸಿದ್ದರು. ಒಳ್ಳೆಯ ಸ್ಥಳವು ಒಳ್ಳೆಯವರನ್ನು ಆಕರ್ಷಿಸಿದ್ದರಿಂದಲೂ ಈ ಫಲ ಬಂದಿರಬಹುದು. ಹಾಗಾದರೂ ಸ್ಥಳದ ಮಹತ್ವವೇನೂ ಕಡಿಮೆಯಾಗುವುದಿಲ್ಲ.

ಏಕಾಂತವನ್ನು ಹೊಗಳುವುದೆಂದರೆ ಸಹವಾಸವನ್ನು ತೆಗಳುವುದೆಂದಲ್ಲ. ತಾನು ಬರೆದುದರ ದೋಷ ತನ್ನ ಕಣ್ಣಿಗೆ ಬೀಳುವುದು ಕಷ್ಟವೆಂಬುದನ್ನು ಅರಿತ ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್, ಕೆಲವರು ಕೂಡಿ ಕುಳಿತು ಕೋಡನ್ನು ಸಾಲುಸಾಲಾಗಿ ಪರಿಶೀಲಿಸುವ ಕ್ರಮವೊಂದನ್ನು 1976ರಲ್ಲಿ ಪ್ರಕಟಿಸಿದನು. ಆದರೆ ಅಂಥ ಒಂದೊಂದು ಬೈಠಕ್ಕೂ ಎರಡು ಗಂಟೆಗಳನ್ನು ಮೀರಬಾರದೆಂಬ ನಿಯಮವನ್ನೂ ಅವನು ಜೊತೆಗೇ ಸೇರಿಸಿದ್ದನು. ಇದಕ್ಕೆ ಆಧಾರವು ದೇಹದಲ್ಲಿಯೇ ಉಂಟು. ಎರಡನೆಯ ಮಹಾಯುದ್ಧದ ರಾಡಾರ್ ವೀಕ್ಷಕರ ಸಮಸ್ಯೆಯಿಂದ ಪ್ರೇರಿತನಾಗಿ ನಾರ್ಮನ್ ಮ್ಯಾಕ್‌ವರ್ತ್ ನಡೆಸಿ 1948ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಗಡಿಯಾರದಂಥ ಫಲಕವನ್ನು ನೋಡುತ್ತ ಮುಳ್ಳಿನ ಅಪರೂಪದ ಜಿಗಿತವನ್ನು ಗುರುತಿಸಬೇಕಾಗಿದ್ದವರ ಎಚ್ಚರವು ಮೊದಲ ಅರ್ಧ ಗಂಟೆಯೊಳಗಾಗಿಯೇ ಇಳಿಮುಖವಾಯಿತು. ದಣಿದ ಗಮನಕ್ಕೆ ವಿಶ್ರಾಂತಿಯೇ ಔಷಧ. ಅದರಲ್ಲಿಯೂ ನಿದ್ರೆಗೆ ಸಮನಾದುದಿಲ್ಲ. ದಾವಿಡೆ ಫುಚ್ಚಿ ಮತ್ತು ಸಂಗಡಿಗರು 45 ವಿದ್ಯಾರ್ಥಿಗಳ ಮೇಲೆ ನಡೆಸಿ 2018ರ ಸುಮಾರಿಗೆ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಒಂದು ರಾತ್ರಿ ನಿದ್ದೆಗೆಟ್ಟವರು ಬರೆದ ಪ್ರೋಗ್ರಾಮುಗಳ ಗುಣವು ಅರ್ಧಕ್ಕಿಳಿಯಿತು. ಅಮೆರಿಕದ ಹಗಲಿಗೆ ಹೊಂದಿಕೊಂಡು ನಡುರಾತ್ರಿಯ ಮೀಟಿಂಗುಗಳಲ್ಲಿ ಕುಳಿತು, ಬೆಳಗ್ಗೆ ಮತ್ತೆ ಎಲ್ಲರಂತೆ ಎದ್ದು ಕೆಲಸಕ್ಕೆ ತೊಡಗುವುದನ್ನು ಶ್ರದ್ಧೆಯೆಂದು ಹೊಗಳುವ ಸಂಸ್ಥೆಗಳು, ತಾವು ಕೊಳ್ಳುತ್ತಿರುವುದು ಅರ್ಧ ಬೆಲೆಯ ಸರಕನ್ನೆಂದು ಅರಿಯಬೇಕು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಚೆನ್ನಾಗಿ ದುಡಿಯುವುದಕ್ಕೆ ಬೇಕಾದ ವ್ಯವಸ್ಥೆಯು ದುಬಾರಿಯಾದುದೇನೂ ಅಲ್ಲವೆಂಬುದು ಸ್ಪಷ್ಟವಾಗುತ್ತದೆ. ಬೇಸಗೆಯಲ್ಲಿಯೂ ತಂಪಾಗಿರುವ, ಊರು ಇನ್ನೂ ಕದಲದ ಬೆಳಗಿನ ಹೊತ್ತಿನಲ್ಲಿ ಎರಡು ಗಂಟೆಗಳನ್ನು ಕಠಿಣವಾದ ಚಿಂತನೆಗೆಂದೇ ಮೀಸಲಿಡುವುದು, ಆ ಅವಧಿಯಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿರಿಸುವುದು, ಸಂದೇಶಗಳಿಗೆ ಅವಧಾನದ ಸಭೆಯಲ್ಲಿರುವಂತೆ ಗೊತ್ತಾದ ಸುತ್ತುಗಳನ್ನು ಕಲ್ಪಿಸುವುದು, ಮೀಟಿಂಗುಗಳನ್ನು ದಿನದ ನಡುವೆ ಚೆಲ್ಲದೆ ಒಂದು ತುದಿಗೆ ಸೇರಿಸುವುದು, ಏಳುವ ಮುನ್ನ ಮುಂದಿನ ಹೆಜ್ಜೆಯನ್ನು ಬರೆದಿಡುವುದು, ಹೊತ್ತಿಗೆ ಮಲಗುವುದು. ಇವುಗಳಲ್ಲಿ ಕೆಲವು ಪ್ರೋಗ್ರಾಮರ ಕೈಯಲ್ಲಿವೆ, ಕೆಲವು ಸಂಸ್ಥೆಯ ಯಜಮಾನರ ಕೈಯಲ್ಲಿವೆ, ಕೆಲವು ಮನೆಯ ಹಿರಿಯರ ಕೈಯಲ್ಲಿವೆ; ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಅರಿಯದೆ ಕೆಡಿಸುವಂತಿದ್ದರೆ ಯಾರ ಛಲವೂ ಫಲಿಸದು. ನಮ್ಮ ಕಾಲೇಜುಗಳು ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸುವಷ್ಟೇ ಆಸಕ್ತಿಯಿಂದ ಕಾರ್ಯಸ್ಮೃತಿಯ ಮಿತಿಯನ್ನೂ ಅದನ್ನು ಕಾಯುವ ಕ್ರಮವನ್ನೂ ಮೊದಲ ವರ್ಷದಲ್ಲಿಯೇ ಕಲಿಸಬೇಕು, ಏಕೆಂದರೆ ಭಾಷೆಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ, ಮನುಷ್ಯನ ಮಿದುಳು ಬದಲಾಗುವುದಿಲ್ಲ. ಬೀದರ, ಭಾಲ್ಕಿ, ಔರಾದಗಳ ಮಕ್ಕಳು ಊರು ಬಿಡದೆ ಜಗತ್ತಿಗೆ ಬೇಕಾದ ತಂತ್ರಾಂಶವನ್ನು ಇಲ್ಲಿಯೇ ರಚಿಸಬಹುದಾದ ಕಾಲ ಬಂದಿದೆ. ಅದಕ್ಕೆ ಎಡೆಬಿಡದ ವಿದ್ಯುತ್ತು, ವೇಗದ ಇಂಟರ್ನೆಟ್ಟುಗಳು ಬೇಕೆಂದು ನಾವು ಸರ್ಕಾರವನ್ನು ಕೇಳುತ್ತೇವೆ, ಕೇಳಲೂಬೇಕು. ಆದರೆ ಅಡ್ಡಿಯಿಲ್ಲದ ಎರಡು ಗಂಟೆಗಳನ್ನು ಯಾವ ಸರ್ಕಾರವೂ ಮಂಜೂರು ಮಾಡಲಾರದು. ಅದನ್ನು ಆ ಮಕ್ಕಳಿಗೆ ಕೊಡಬೇಕಾದವರು ಅವರ ಮನೆಯವರೂ ಅವರನ್ನು ದುಡಿಸಿಕೊಳ್ಳುವವರೂ ಆಗಿದ್ದಾರೆ.